ಪಾತ್ರದ ನೆಪದಲ್ಲಿ ಹೇಳಿಕೊಂಡ ಮಾತು



ದತ್ತಿ ಉಪನ್ಯಾಸವೆಂದರೆ ಸಾಮಾನ್ಯವಾಗಿ ಒಬ್ಬ ಕವಿಯ ಬಗ್ಗೆಯೋ ಒಂದು ಕಾಲಘಟ್ಟದ ಬಗ್ಗೆಯೋ ಮಾತಾಡುವ ರೂಢಿ. ನಾನು ಇಂದು ಆರಿಸಿಕೊಂಡಿರುವ ವಿಷಯ ಅಷ್ಟು ಶಾಸ್ತ್ರೀಯವಾದದ್ದಲ್ಲ. ಇಲ್ಲದ ಮನುಷ್ಯರನ್ನು ನಾವು ಯಾಕೆ ಇಷ್ಟೊಂದು ಪ್ರೀತಿಸುತ್ತೇವೆ? ಕಾದಂಬರಿಯಲ್ಲಿ, ತೆರೆಯ ಮೇಲೆ, ರಂಗದ ಮೇಲೆ ಮಾತ್ರ ಬದುಕಿರುವ ಒಬ್ಬರನ್ನು ‘ನಮ್ಮವರು’ ಎಂದು ಯಾಕೆ ಎದೆಗೆ ಹಚ್ಚಿಕೊಳ್ಳುತ್ತೇವೆ? ಬಾಡಿಗೆ, ಫೀಸು, ಇಎಂಐ, ದ್ವಿತೀಯ ಪಿಯುಸಿ ಫಲಿತಾಂಶ, ಅಪ್ಪನ ಸಕ್ಕರೆ ಕಾಯಿಲೆ, ಕಳಿಸಿದ ಸಂದೇಶಕ್ಕೆ ಬಾರದ ಉತ್ತರ, ಇವೆಲ್ಲ ಸೇರಿ ನಮ್ಮ ದಿನವನ್ನು ಹಿಂಡುತ್ತವೆ. ಈ ಸಣ್ಣ ಸಣ್ಣ ಕಳವಳಗಳಿಗೂ ಆ ಪ್ರೀತಿಗೂ ಏನು ನಂಟು?

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಪಾತ್ರಗಳ ಮೇಲಿನ ಅಭಿಮಾನವನ್ನು ನಾವು ಪಲಾಯನವೆಂದು ಸುಲಭವಾಗಿ ತಳ್ಳಿಹಾಕುತ್ತೇವೆ. ನಾನು ಕಂಡಂತೆ, ಬಾಯಿಬಿಟ್ಟು ಹೇಳಿಕೊಳ್ಳಲಾಗದ ಭಯವನ್ನು ಇನ್ನೊಬ್ಬರ ಹೆಸರಿನಲ್ಲಿ ಹೇಳಿಕೊಳ್ಳಲು ಮನುಷ್ಯ ಕಂಡುಕೊಂಡ ಬಹು ಹಳೆಯ ದಾರಿ ಅದು. ‘ನನಗೆ ಭಯವಾಗುತ್ತಿದೆ’ ಎನ್ನಲು ನಮ್ಮ ಮನೆಗಳಲ್ಲಿ ಅವಕಾಶ ಕಡಿಮೆ. ‘ಪಾಪ, ಅವಳಿಗೆ ಹಾಗಾಯಿತಲ್ಲ’ ಎನ್ನಲು ಯಾರ ಅಪ್ಪಣೆಯೂ ಬೇಕಿಲ್ಲ.

ಇದು ಸಿನಿಮಾ ಬಂದ ಮೇಲೆ ಹುಟ್ಟಿದ ಗೀಳು ಎಂದು ಯಾರೂ ಭಾವಿಸಬೇಕಾಗಿಲ್ಲ. ಕರಾವಳಿ, ಮಲೆನಾಡುಗಳ ತಾಳಮದ್ದಳೆಯನ್ನು ನೆನೆಯಿರಿ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ ಮುಗಿದ ಮೇಲೆ ಅರ್ಥಧಾರಿ ಕುಳಿತಲ್ಲಿಂದಲೇ ಮಾತಿಗೆ ತೊಡಗುತ್ತಾರೆ. ‘ಕರ್ಣಭೇದನ’ ಪ್ರಸಂಗದಲ್ಲಿ ಕೃಷ್ಣ ಕರ್ಣನಿಗೆ ಅವನ ಹುಟ್ಟಿನ ಗುಟ್ಟು ಹೇಳುತ್ತಾನೆ. ಗೊತ್ತಾದ ಮೇಲೂ ಕರ್ಣ ದುರ್ಯೋಧನನ ಪಕ್ಷವನ್ನು ಬಿಡುವುದಿಲ್ಲ. ಕಥೆ ಸಭೆಯಲ್ಲಿರುವ ಎಲ್ಲರಿಗೂ ಗೊತ್ತು. ಆದರೂ ಕರ್ಣ ಏನು ಹೇಳಿಯಾನು ಎಂದು ಜನ ನಿದ್ದೆಗೆಟ್ಟು ಕಾಯುತ್ತಾರೆ. ಹುಟ್ಟಿನ ಕಾರಣಕ್ಕೆ ಅವಮಾನ ಉಂಡವರು, ಒಬ್ಬರ ಅನ್ನದ ಋಣಕ್ಕೆ ಕಟ್ಟುಬಿದ್ದವರು, ಬಹಳ ತಡವಾಗಿ ಬಂದ ಪ್ರೀತಿಯನ್ನು ಏನು ಮಾಡಬೇಕೆಂದು ತಿಳಿಯದವರು ಅಲ್ಲಿ ಕರ್ಣನ ಪಕ್ಷ ವಹಿಸುತ್ತಾರೆ. ಮರುದಿನ ಕಟ್ಟೆಯ ಮೇಲೆ ನಡೆಯುವ ‘ಕರ್ಣ ಮಾಡಿದ್ದು ಸರಿಯೇ’ ಎಂಬ ವಾದದಲ್ಲಿ ಅರ್ಧ ಮಹಾಭಾರತದ್ದಾದರೆ ಇನ್ನರ್ಧ ಅವರವರ ಮನೆಯದು.

ಈಗ ನಮಗೆ ಇನ್ನೂ ಹತ್ತಿರದ ಒಂದು ಪಾತ್ರಕ್ಕೆ ಬರುತ್ತೇನೆ. ಆರ್. ಕೆ. ನಾರಾಯಣ್ ಅವರ ‘ಸ್ವಾಮಿ ಅಂಡ್ ಫ್ರೆಂಡ್ಸ್’ 1935ರಲ್ಲಿ ಪ್ರಕಟವಾಯಿತು. ಬರೆದದ್ದು ಇಂಗ್ಲಿಷಿನಲ್ಲಾದರೂ ಮೈಸೂರಿನಲ್ಲಿ ಬದುಕಿದ ಲೇಖಕನ ಕಣ್ಣು ಅದು. ಸುಮಾರು ಅರ್ಧ ಶತಮಾನದ ಬಳಿಕ, 1986ರಲ್ಲಿ, ಶಂಕರ್ ನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ದೂರದರ್ಶನದಲ್ಲಿ ಬಂದಾಗ ಸ್ವಾಮಿ ಎಲ್ಲರ ಮನೆಯ ಹುಡುಗನಾದ. ಮಾಸ್ಟರ್ ಮಂಜುನಾಥ್ ಸ್ವಾಮಿಯಾದರು, ಗಿರೀಶ ಕಾರ್ನಾಡರು ಅಪ್ಪ, ವೈಶಾಲಿ ಕಾಸರವಳ್ಳಿ ಅಮ್ಮ. ಎಲ್. ವೈದ್ಯನಾಥನ್ ಅವರ ಸಂಗೀತ ಇಂದಿಗೂ ಕಿವಿಯಲ್ಲಿದೆ. ಯಾವ ನಕ್ಷೆಯಲ್ಲೂ ಇಲ್ಲದ ಮಾಲ್ಗುಡಿಗೆ ಆಗುಂಬೆ ತನ್ನ ಮನೆ, ಬೀದಿಗಳನ್ನು ಕೊಟ್ಟಿತು. ಜನ ಈಗಲೂ ಆಗುಂಬೆಯ ದೊಡ್ಡಮನೆಯ ಮುಂದೆ ನಿಂತು ‘ಸ್ವಾಮಿ ಓಡಾಡಿದ ಮನೆ ಇದೇ’ ಎನ್ನುತ್ತಾರೆ. ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲು ನಿಲ್ದಾಣದ ಹಳೆಯ ಕಟ್ಟಡ ಇಂದು ಮಾಲ್ಗುಡಿ ಮ್ಯೂಸಿಯಂ ಆಗಿದೆ. ಇಲ್ಲದ ಊರಿಗೊಂದು ಸಂಗ್ರಹಾಲಯ ಬೇಕೆನಿಸಿದ್ದು ಪ್ರೇಕ್ಷಕರ ಅಭಿಮಾನದಿಂದ.

ಈ ಹುಡುಗ ಮಾಡಿದ ಘನಕಾರ್ಯವಾದರೂ ಏನು? ಅವನಿಗೆ ಸೋಮವಾರ ಬೆಳಗ್ಗೆ ಎಂದರೆ ಭಯ, ಲೆಕ್ಕ ಎಂದರೆ ಭಯ, ಹೆಡ್‌ಮಾಸ್ಟರರ ಬೆತ್ತ ಎಂದರೆ ಭಯ, ಗೆಳೆಯ ಕೈಬಿಟ್ಟಾನೆಂಬ ಭಯ. ‘ಎ ಹೀರೋ’ ಎಂಬ ಕಥೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಹುಲಿಯೊಡನೆ ಸೆಣಸಿದ ಹಳ್ಳಿ ಹುಡುಗನೊಬ್ಬನ ಸುದ್ದಿಯನ್ನು ಅಪ್ಪ ಪತ್ರಿಕೆಯಲ್ಲಿ ಓದಿ ಹೇಳುತ್ತಾರೆ. ಶಕ್ತಿ, ವಯಸ್ಸು ಮುಖ್ಯವಲ್ಲ, ಧೈರ್ಯವೇ ಎಲ್ಲ ಎನ್ನುವುದು ಅವರ ವಾದ. ಸ್ವಾಮಿಗೆ ಅದು ಒಪ್ಪಿಗೆಯಾಗುವುದಿಲ್ಲ. ಹಾಗಾದರೆ ಇವತ್ತು ರಾತ್ರಿ ನನ್ನ ಆಫೀಸು ಕೋಣೆಯಲ್ಲಿ ಒಬ್ಬನೇ ಮಲಗು ಎಂದು ಅಪ್ಪ ಸವಾಲು ಹಾಕುತ್ತಾರೆ. ದಿನವೂ ಅಜ್ಜಿಯ ಪಕ್ಕದಲ್ಲಿ ಮಲಗುವ ಹುಡುಗ ಅವನು. ತಪ್ಪಿಸಿಕೊಳ್ಳಲು ಅಮ್ಮನನ್ನು ನೋಡುತ್ತಾನೆ, ಅಜ್ಜಿಯ ಹಾಸಿಗೆಗೆ ಓಡುತ್ತಾನೆ, ನಿದ್ದೆ ಬಂದವನಂತೆ ಬಿದ್ದುಕೊಳ್ಳುತ್ತಾನೆ. ಯಾವುದೂ ಫಲಿಸುವುದಿಲ್ಲ. ಕಡೆಗೆ ಕಾನೂನು ಪುಸ್ತಕಗಳ ಆ ಕೋಣೆಯಲ್ಲಿ, ಬೆಂಚಿನ ಕೆಳಗೆ ತೂರಿ ಮುದುಡಿಕೊಳ್ಳುತ್ತಾನೆ. ಕೆಟ್ಟ ಕನಸು ಬಿದ್ದು ಎಚ್ಚರವಾಗುತ್ತದೆ. ಕತ್ತಲಲ್ಲಿ ಏನೋ ಚಲಿಸುತ್ತಿದೆ. ತನ್ನ ಕಥೆ ಮುಗಿಯಿತೆಂಬ ಹೆದರಿಕೆಯಲ್ಲೇ ಅದನ್ನು ತಬ್ಬಿ, ಇದ್ದಬದ್ದ ಬಲವೆಲ್ಲ ಹಾಕಿ ಕಚ್ಚುತ್ತಾನೆ. ಸಿಕ್ಕಿಬಿದ್ದವನು ಕಳ್ಳ!

ಮರುದಿನ ಶಾಲೆಯಲ್ಲಿ ಮರ್ಯಾದೆಯೇ ಮರ್ಯಾದೆ. ಪೊಲೀಸರೂ ಹೊಗಳುತ್ತಾರೆ. ಇಲ್ಲಿಗೇ ನಿಂತಿದ್ದರೆ ಅದು ನೀತಿಕಥೆಯಾಗುತ್ತಿತ್ತು. ನಾರಾಯಣ್ ನಿಲ್ಲಿಸುವುದಿಲ್ಲ. ಆ ರಾತ್ರಿ ಅಪ್ಪ ಕ್ಲಬ್ಬಿನಿಂದ ಬಂದು ಮಗನೆಲ್ಲಿ ಎಂದು ಕೇಳಿದರೆ, ಅವನು ಎಂದಿನಂತೆ ಅಜ್ಜಿಯ ಪಕ್ಕದಲ್ಲಿ ಮಲಗಿ ನಿದ್ದೆಹೋಗಿದ್ದಾನೆ.

ನಾನು ಸ್ವಾಮಿಯ ಅಭಿಮಾನಿಯಾದದ್ದು ಆ ಕೊನೆಯಿಂದ. ಒಂದು ಸಾಹಸ ನಡೆದ ಮಾತ್ರಕ್ಕೆ ಭಯ ಮನೆ ಖಾಲಿ ಮಾಡುವುದಿಲ್ಲ. ನಾಡೆಲ್ಲ ಹೀರೋ ಎಂದು ಕೊಂಡಾಡಿದವನಿಗೂ ರಾತ್ರಿ ಅಜ್ಜಿ ಬೇಕು. ತರಗತಿಯಲ್ಲಿ ಈ ಕಥೆ ಹೇಳಿದಾಗಲೆಲ್ಲ ನಗು ಏಳುತ್ತದೆ, ಆಮೇಲೆ ಮೆಲ್ಲಗೆ ಮಾತು ಶುರುವಾಗುತ್ತದೆ. ಹಾಸ್ಟೆಲಿಗೆ ಬಂದ ಹೊಸದರಲ್ಲಿ ದೀಪ ಆರಿಸದೆ ಮಲಗುತ್ತಿದ್ದೆ ಎಂದು ಒಬ್ಬ ಹುಡುಗಿ ಹೇಳಿದಳು. ರ‍್ಯಾಂಕ್ ಬಂದ ಮೇಲೂ ಪರೀಕ್ಷೆ ತಪ್ಪಿಹೋದ ಕನಸು ಬೀಳುತ್ತದೆ ಎಂದು ಇನ್ನೊಬ್ಬ ಹುಡುಗ. ‘ನಿಮಗೆ ಏನಾದರೂ ಭಯವಿದೆಯೇ’ ಎಂದು ನಾನು ನೇರವಾಗಿ ಕೇಳಿದ್ದರೆ ಅವರು ತಲೆ ತಗ್ಗಿಸುತ್ತಿದ್ದರು. ಸ್ವಾಮಿ ಮೊದಲು ಹೆದರಿದ್ದರಿಂದ ಅವರಿಗೆ ಹೆದರಿಕೆಯನ್ನು ಒಪ್ಪಿಕೊಳ್ಳುವುದು ಸಾಧ್ಯವಾಯಿತು. ನನ್ನ ಮನೆಯವರೊಬ್ಬರ ಆಸ್ಪತ್ರೆ ವರದಿಗಾಗಿ ಕಾಯುತ್ತಿದ್ದ ದಿನಗಳಲ್ಲಿ ನಾನೂ ಇದೇ ಕಥೆಯನ್ನು ಮತ್ತೆ ಮತ್ತೆ ಓದಿದ್ದೇನೆ. ವರದಿಯಲ್ಲಿ ಏನಿರುತ್ತದೋ ಅದನ್ನು ಕಥೆ ಬದಲಿಸಲಾರದು. ಬೆಂಚಿನ ಕೆಳಗೆ ನನಗಿಂತ ಮೊದಲೇ ಒಬ್ಬ ಮುದುಡಿ ಕೂತಿದ್ದಾನೆ ಎಂಬ ತಿಳಿವಳಿಕೆಯೇ ಒಂದು ರಾತ್ರಿಗೆ ಸಾಕಷ್ಟು ದೊಡ್ಡ ಆಸರೆ.

ಇನ್ನೊಂದು ಪಾತ್ರ ಕಾವೇರಿ, ತ್ರಿವೇಣಿಯವರ ‘ಶರಪಂಜರ’ ಕಾದಂಬರಿಯ ಕಾವೇರಿ. ಅನಸೂಯಾ ಶಂಕರ್ ಎಂಬ ಹೆಸರಿನ ತ್ರಿವೇಣಿ ಹುಟ್ಟಿದ್ದು 1928ರಲ್ಲಿ. ತೀರಿಕೊಂಡದ್ದು 1963ರಲ್ಲಿ, ಹೆರಿಗೆಯಾದ ಸ್ವಲ್ಪ ದಿನಗಳಲ್ಲೇ. ಮೂವತ್ತೈದು ತುಂಬದ ಆಯುಸ್ಸಿನಲ್ಲಿ ಇಪ್ಪತ್ತರಷ್ಟು ಕಾದಂಬರಿ ಬರೆದರು. ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದಿದವರು. ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾದದ್ದು 1954ರಲ್ಲಿ. ಅದು ನಿಮ್ಹಾನ್ಸ್ ಆದದ್ದು 1974ರಲ್ಲಿ. ಅಂದರೆ ಮನಸ್ಸಿನ ಕಾಯಿಲೆಗೂ ಮದ್ದಿದೆ ಎಂಬ ಮಾತು ನಮ್ಮ ಮನೆಗಳನ್ನು ಇನ್ನೂ ಮುಟ್ಟಿರದ ಕಾಲದಲ್ಲಿ ಅವರು ‘ಅಪಸ್ವರ’, ‘ಬೆಕ್ಕಿನ ಕಣ್ಣು’, ‘ಶರಪಂಜರ’ ಬರೆದರು.

ಕಾವೇರಿಯ ಕಥೆ ನಿಮಗೆ ಗೊತ್ತಿದೆ. ಎರಡನೆಯ ಹೆರಿಗೆಯ ನಂತರ ಅವಳ ಮನಸ್ಸು ಕದಡುತ್ತದೆ. ಹಿಂದೆಂದೋ ಹುಗಿದಿಟ್ಟ ನೋವು ಮೇಲೆದ್ದು ಬರುತ್ತದೆ. ಆಸ್ಪತ್ರೆಯಲ್ಲಿ ಚಿಕಿತ್ಸೆಯಾಗಿ ಗುಣವಾಗುತ್ತಾಳೆ, ಮನೆಗೆ ಬರುತ್ತಾಳೆ. ನಿಜವಾದ ದುರಂತ ಶುರುವಾಗುವುದು ಅಲ್ಲಿಂದ. ಅವಳು ಜೋರಾಗಿ ನಕ್ಕರೆ ಅನುಮಾನ, ಸುಮ್ಮನಿದ್ದರೆ ಅನುಮಾನ, ಮಗುವನ್ನು ಎತ್ತಿಕೊಂಡರೆ ಅನುಮಾನ. ಗಂಡನೂ ದೂರವಾಗುತ್ತಾನೆ. ವೈದ್ಯರು ಗುಣವಾಗಿದೆ ಎಂದರೂ ಮನೆ, ನೆರೆಹೊರೆ ಒಪ್ಪುವುದಿಲ್ಲ. ಕಡೆಗೆ ಅವಳು ಮತ್ತೆ ಆಸ್ಪತ್ರೆಯ ಪಾಲಾಗುತ್ತಾಳೆ. ಕಾಯಿಲೆ ಅವಳನ್ನು ಸೋಲಿಸಲಿಲ್ಲ, ಸುತ್ತಲಿನವರ ನೋಟ ಸೋಲಿಸಿತು.

ನನ್ನ ತಾಯಿಯ ತಲೆಮಾರಿನ ಹೆಂಗಸರು ಈ ಪುಸ್ತಕವನ್ನು ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತಂದು, ಅಡುಗೆ ಮುಗಿದ ಮಧ್ಯಾಹ್ನಗಳಲ್ಲಿ ಕೈಯಿಂದ ಕೈಗೆ ದಾಟಿಸಿ ಓದುತ್ತಿದ್ದರು. ಚರ್ಚೆಯೂ ನಡೆಯುತ್ತಿತ್ತು. ಬಾಣಂತಿತನದಲ್ಲಿ ಸುಮ್ಮಸುಮ್ಮನೆ ಅಳು ಬರುವುದು, ಹಾಲು ಸಾಲದೆಂಬ ಚಿಂತೆ, ಮಗುವಿಗೆ ಏನಾದರೂ ಆದೀತೆಂಬ ವಿಚಿತ್ರ ಭಯ, ಗಂಡನ ಅಸಡ್ಡೆ, ಇದನ್ನೆಲ್ಲ ಆ ಹೆಂಗಸರು ಕಾವೇರಿಯ ಹೆಸರಿನಲ್ಲಿ ಹೇಳಿಕೊಂಡರು. ‘ಕಾವೇರಿಗೆ ಹಾಗನಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ’ ಎಂದು ಒಬ್ಬರು ಅಂದರೆ, ಇನ್ನೊಬ್ಬರು ಸ್ವಲ್ಪ ಹೊತ್ತು ಬಿಟ್ಟು ‘ನನಗೂ ಹಾಗೇ ಆಗಿತ್ತು’ ಎನ್ನುತ್ತಿದ್ದರು. ಆ ಎರಡು ಮಾತುಗಳ ನಡುವೆ ಸಾಹಿತ್ಯ ಮಾಡುವ ಕೆಲಸವೆಲ್ಲ ನಡೆದುಹೋಗುತ್ತದೆ. ವಿಮರ್ಶೆಯ ಪುಸ್ತಕಗಳು ಈ ಓದನ್ನು ‘ಜನಪ್ರಿಯ’ ಎಂಬ ಒಂದು ಪದದಲ್ಲಿ ಮುಗಿಸಿದವು. ಅದು ಅನ್ಯಾಯ. ಆ ಮಧ್ಯಾಹ್ನಗಳ ಓದುಗಿತ್ತಿಯರು ಬೇರೆಲ್ಲೂ ಸಿಗದ ಆಪ್ತಸಲಹೆಯನ್ನು ಆ ಪುಟಗಳ ಸುತ್ತ ತಾವೇ ಕಟ್ಟಿಕೊಂಡರು.

1971ರಲ್ಲಿ ಪುಟ್ಟಣ್ಣ ಕಣಗಾಲ್ ‘ಶರಪಂಜರ’ವನ್ನು ಚಿತ್ರ ಮಾಡಿದರು, ಕಲ್ಪನಾ ಕಾವೇರಿಯಾದರು. ಕಾವೇರಿಯ ಕೀರ್ತಿ ಓದು ಬಾರದವರನ್ನೂ ಮುಟ್ಟಿತು. ಅಭಿಮಾನಕ್ಕೆ ಇನ್ನೊಂದು ಮುಖವೂ ಇದೆ ಎಂಬುದು ಇಲ್ಲೇ ಕಾಣುತ್ತದೆ. ಕಲ್ಪನಾರ ಅಭಿನಯದ ಉತ್ಕಟ ದೃಶ್ಯಗಳನ್ನು ಅನುಕರಿಸಿ ನಕ್ಕವರಿದ್ದರು. ಸ್ವಲ್ಪ ದನಿ ಏರಿಸಿದ ಹೆಂಗಸನ್ನು ‘ಶರಪಂಜರ ಆಗಬೇಡ’ ಎಂದು ಗದರಿಸಿದ ಮಾತನ್ನು ನಾನೇ ಕೇಳಿದ್ದೇನೆ. ಯಾವ ಕಥೆ ಅನುಮಾನದ ನೋಟವನ್ನು ಖಂಡಿಸಲು ಹುಟ್ಟಿತೋ ಅದೇ ಕಥೆಯ ಹೆಸರು ಆ ನೋಟದ ಕೈಯಲ್ಲಿ ಆಯುಧವಾಯಿತು. ಪಾತ್ರವನ್ನು ಮೆಚ್ಚುವುದು ಬೇರೆ, ಪಾತ್ರ ಹೇಳಿದ್ದನ್ನು ಕೇಳಿಸಿಕೊಳ್ಳುವುದು ಬೇರೆ. ಎರಡನೆಯದಿಲ್ಲದ ಮೊದಲನೆಯದರಿಂದ ಯಾರಿಗೂ ಉಪಕಾರವಿಲ್ಲ.

ಜಗತ್ತಿನ ಬೇರೆಡೆಯೂ ಹೀಗೇ ನಡೆದಿದೆ. 1893ರ ಡಿಸೆಂಬರಿನಲ್ಲಿ ಆರ್ಥರ್ ಕಾನನ್ ಡಾಯ್ಲ್ ತಮ್ಮ ಷೆರ್ಲಾಕ್ ಹೋಮ್ಸ್‌ನನ್ನು ಜಲಪಾತಕ್ಕೆ ಕೆಡವಿ ಮುಗಿಸಿದಾಗ ಓದುಗರು ಸಿಡಿದೆದ್ದರು. ‘ಸ್ಟ್ರ್ಯಾಂಡ್’ ಪತ್ರಿಕೆಯ ಚಂದಾ ನಿಲ್ಲಿಸಿದರು. ಹತ್ತು ವರ್ಷ ಕಳೆದು 1903ರಲ್ಲಿ ಲೇಖಕರು ಅವನನ್ನು ಬದುಕಿಸಿ ತರಬೇಕಾಯಿತು. ನನಗೆ ಇದಕ್ಕಿಂತ ಹೆಚ್ಚು ಹತ್ತಿರವೆನಿಸುವುದು ಮುಂದೆ ನಡೆದದ್ದು. ಹೋಮ್ಸ್ ವಾಸವಿದ್ದನೆಂದು ಕಥೆಗಳು ಹೇಳುವ ಲಂಡನ್ನಿನ ಬೇಕರ್ ಸ್ಟ್ರೀಟ್ 221ಬಿ ವಿಳಾಸಕ್ಕೆ ಪತ್ರಗಳು ಬರುತ್ತಲೇ ಇದ್ದವು. 1930ರ ದಶಕದಿಂದ ಆ ಜಾಗದಲ್ಲಿದ್ದ ಹಣಕಾಸು ಸಂಸ್ಥೆ ಅವುಗಳಿಗೆ ಉತ್ತರ ಬರೆಯಲೆಂದೇ ಒಬ್ಬ ಕಾರ್ಯದರ್ಶಿಯನ್ನು ಇರಿಸಿತ್ತು. ಇಟಲಿಯ ವೆರೋನಾ ಊರಿಗೆ ಷೇಕ್ಸ್‌ಪಿಯರನ ಜೂಲಿಯೆಟ್ ಹೆಸರಿನಲ್ಲಿ ಇಂದಿಗೂ ಪತ್ರಗಳು ಹೋಗುತ್ತವೆ. ಪ್ರೀತಿಸಿ ಬಿಟ್ಟವರು, ಹೇಳಲು ಧೈರ್ಯ ಸಾಲದವರು ಬರೆಯುತ್ತಾರೆ. ಸ್ವಯಂಸೇವಕರು ಒಂದೊಂದನ್ನೂ ಓದಿ, ಜೂಲಿಯೆಟ್ ಪರವಾಗಿ ಕೈಯಾರೆ ಉತ್ತರ ಬರೆಯುತ್ತಾರೆ. ಬರೆದವರಿಗೆ ಜೂಲಿಯೆಟ್ ಇಲ್ಲವೆಂದು ತಿಳಿಯದೇ? ಚೆನ್ನಾಗಿ ತಿಳಿದಿದೆ. ಪರಿಚಯದ ಯಾರೊಬ್ಬರಿಗೂ ಬರೆಯಲಾಗದ್ದನ್ನು ಅವಳಿಗೆ ಬರೆಯಬಹುದು ಎಂಬುದೂ ತಿಳಿದಿದೆ. ಅವಳು ಮುಖ ಸಿಂಡರಿಸುವುದಿಲ್ಲ, ಊರಿಗೆ ಸಾರುವುದಿಲ್ಲ.

ಅಪಾಯವನ್ನೂ ಮುಚ್ಚಿಡದೆ ಹೇಳಬೇಕು. 1774ರಲ್ಲಿ ಗಯಟೆ ಬರೆದ ವೆರ್ಥರ್ ಎಂಬ ಭಗ್ನಪ್ರೇಮಿಯ ಕಥೆ ಯುರೋಪಿನ ತರುಣರನ್ನು ಹುಚ್ಚುಹಿಡಿಸಿತು. ಅವನ ನೀಲಿ ಕೋಟು, ಹಳದಿ ವೇಸ್ಟ್‌ಕೋಟುಗಳನ್ನು ಅವರೂ ತೊಟ್ಟರು. ಓದಿದವರು ಅವನಂತೆ ಪ್ರಾಣ ಕಳೆದುಕೊಂಡಾರೆಂದು ಹೆದರಿ ಲೈಪ್‌ಜಿಗ್ ನಗರ ಪುಸ್ತಕವನ್ನೇ ನಿಷೇಧಿಸಿತು. ನಮ್ಮಲ್ಲೂ ಪಾತ್ರದ ಮೇಲಿನ ಪ್ರೀತಿ ನಟನ ಮೇಲಿನ ಸ್ವಾಮಿನಿಷ್ಠೆಯಾಗಿ, ಒಬ್ಬ ತಾರೆಯ ಅಭಿಮಾನಿ ಇನ್ನೊಬ್ಬ ತಾರೆಯ ಅಭಿಮಾನಿಯ ಮೇಲೆ ಕೈಮಾಡುವಷ್ಟಕ್ಕೆ ಹೋಗಿದ್ದುಂಟು. ಪಾತ್ರ ನಮ್ಮಿಂದ ಏನನ್ನೂ ಕೇಳುವುದಿಲ್ಲ; ಅದರ ಕಥೆಗೆ ಒಂದು ಕೊನೆಯಿದೆ, ಪುಸ್ತಕ ಮುಚ್ಚಿ ನಾವು ನಮ್ಮ ಬದುಕಿಗೆ ಹಿಂದಿರುಗಬಹುದು. ತಾರೆಯ ಹಿಂದೆ ವ್ಯಾಪಾರವಿದೆ, ಗುಂಪಿದೆ, ಮುಗಿಯದ ಬೇಡಿಕೆಯಿದೆ. ನಮ್ಮ ಮಕ್ಕಳಿಗೆ ಈ ವ್ಯತ್ಯಾಸವನ್ನು ತಿಳಿಸಿಕೊಡುವುದು ಅವರನ್ನು ಬೈಯುವುದಕ್ಕಿಂತ ಹೆಚ್ಚು ಉಪಯುಕ್ತ.

ಹಾಗೆಂದು ಜನರ ಅಭಿಮಾನವನ್ನು ಮೇಲಿನಿಂದ ನೋಡಿ ಮೂಗು ಮುರಿಯುವವರ ಸಾಲಿನಲ್ಲಿ ನಾನು ನಿಲ್ಲಲಾರೆ. ಬೆಂಗಳೂರಿನ ಆಟೋಗಳ ಹಿಂಬದಿಯನ್ನು ನೋಡಿ. ಶಂಕರ್ ನಾಗ್ 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿ ಅಪಘಾತದಲ್ಲಿ ತೀರಿಕೊಂಡರು. ಅವರು ಹೋದ ಮೇಲೆ ಹುಟ್ಟಿದ ಹುಡುಗರೂ ತಮ್ಮ ಆಟೋದ ಮೇಲೆ ಅವರ ಚಿತ್ರ ಅಂಟಿಸಿಕೊಳ್ಳುತ್ತಾರೆ. ಕಾರಣ 1980ರ ‘ಆಟೋ ರಾಜ’ ಚಿತ್ರದಲ್ಲಿ ಅವರು ಮಾಡಿದ ಆಟೋ ಚಾಲಕನ ಪಾತ್ರ. ‘ಮಾಲ್ಗುಡಿ ಡೇಸ್’ ಕೊಟ್ಟ ನಿರ್ದೇಶಕನನ್ನು ಮಧ್ಯಮವರ್ಗ ನೆನೆಯುತ್ತದೆ. ಖಾಕಿ ಅಂಗಿ ತೊಟ್ಟ ರಾಜನನ್ನು ಆಟೋ ಚಾಲಕರು ನೆನೆಯುತ್ತಾರೆ. ಚಾಲಕನ ದಿನ ಎಂಥದ್ದೆಂದು ಯೋಚಿಸಿ. ಗ್ಯಾಸ್ ಬಂಕಿನಲ್ಲಿ ಸಾಲು, ಸಾಲದ ಕಂತು, ಆ್ಯಪಿನ ಶುಲ್ಕ, ಸವಾರಿಯ ಚೌಕಾಸಿ, ಪೊಲೀಸರ ದಂಡ. ದಿನವಿಡೀ ‘ಏಯ್ ಆಟೋ’ ಎಂದು ಕರೆಸಿಕೊಳ್ಳುವವನಿಗೆ, ತನ್ನ ಕಸುಬಿನವನೇ ಒಬ್ಬ ನಾಯಕನಾಗಿ ತಲೆಯೆತ್ತಿ ನಡೆದ ಕಥೆಯೊಂದಿದೆ. ಆ ಸ್ಟಿಕ್ಕರ್ ಅವನ ಮಾನದ ಗುರುತು. ಹೊಟ್ಟೆಪಾಡಿನ ಆತಂಕ ಅದರಿಂದ ತೀರದು, ಆ ಆತಂಕದ ನಡುವೆಯೂ ತಾನು ಯಾರಿಗೂ ಕಮ್ಮಿಯಲ್ಲ ಎಂಬ ಧೈರ್ಯ ಸಿಗುತ್ತದೆ.

ಸ್ವಾಮಿಗೆ ಅಜ್ಜಿ ಇದ್ದಳು. ಕಾವೇರಿಗೆ ಅಂಥವರು ಯಾರೂ ಉಳಿಯಲಿಲ್ಲ. ಒಂದೇ ನಾಡಿನ ಈ ಎರಡು ಕಥೆಗಳನ್ನು ಜೊತೆಗಿಟ್ಟು ಓದಿದಾಗ ನನಗೆ ತೋರುವುದು ಇಷ್ಟು: ಭಯ ಇಬ್ಬರಿಗೂ ಇತ್ತು; ಪ್ರಶ್ನೆ ಕೇಳದೆ ಪಕ್ಕದಲ್ಲಿ ಜಾಗ ಬಿಡುವ ಒಬ್ಬರು ಇದ್ದ ಕಡೆ ಹುಡುಗ ನಿದ್ದೆಹೋದ, ಇಲ್ಲದ ಕಡೆ ಒಬ್ಬ ಹೆಂಗಸು ಮುಳುಗಿಹೋದಳು. ಪಾತ್ರ ಅರ್ಧ ದಾರಿಯವರೆಗೆ ನಮ್ಮನ್ನು ಕರೆತರುತ್ತದೆ. ಉಳಿದರ್ಧ ಜೀವಂತ ಮನುಷ್ಯರ ಹೊಣೆ.

ಆದ್ದರಿಂದ ಹಿರಿಯರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಮನೆಯ ಹುಡುಗ ಯಾವುದೋ ಜಪಾನಿ ಅನಿಮೆ ಪಾತ್ರದ ಬಗ್ಗೆ, ಮಗಳು ಯಾವುದೋ ಕೊರಿಯನ್ ಧಾರಾವಾಹಿಯ ನಾಯಕಿಯ ಬಗ್ಗೆ, ಅತ್ತೆ ಸಂಜೆಯ ಧಾರಾವಾಹಿಯ ಸೊಸೆಯ ಬಗ್ಗೆ ಮಾತು ತೆಗೆದಾಗ ‘ಕೆಲಸವಿಲ್ಲವೇ ನಿಮಗೆ’ ಎನ್ನಬೇಡಿ. ‘ಅವಳು ಯಾಕೆ ಹಾಗೆ ಮಾಡಿದಳು? ನಿನಗೆ ಅವಳ ಯಾವ ಗುಣ ಇಷ್ಟ?’ ಎಂದು ಕೇಳಿ. ಉತ್ತರವನ್ನು ಪೂರ್ತಿ ಕೇಳಿಸಿಕೊಳ್ಳಿ. ನೇರವಾಗಿ ಎಂದೂ ಹೇಳದ ಸಂಗತಿ ಅದರಲ್ಲಿ ಇರಬಹುದು. ಅಧ್ಯಾಪಕ ಮಿತ್ರರು ಪಾತ್ರಪರಿಚಯವನ್ನು ಐದು ಅಂಕದ ಪ್ರಶ್ನೆಗೆ ಕಟ್ಟಿಹಾಕದೆ, ಆ ಪಾತ್ರದೊಡನೆ ಜಗಳವಾಡಲು, ಅದಕ್ಕೆ ಪತ್ರ ಬರೆಯಲು ಮಕ್ಕಳಿಗೆ ಒಂದು ತಾಸು ಬಿಡಲಿ.

ವಿದ್ಯಾರ್ಥಿಗಳೆ, ನಿಮಗೂ ಒಂದು ಮಾತು. ನೀವು ಮೆಚ್ಚಿದ ಪಾತ್ರವನ್ನು ನಾಚಿಕೆಯಿಲ್ಲದೆ ಮೆಚ್ಚಿ. ಅವರ ಹೆಸರಿನಲ್ಲಿ ಶುರುವಾದ ಮಾತನ್ನು ಎಂದಾದರೊಂದು ದಿನ ನಿಮ್ಮ ಹೆಸರಿನಲ್ಲಿ ಮುಂದುವರಿಸಿ. ಕಳವಳ ನಿದ್ದೆ, ಊಟ, ಓದು ಮೂರನ್ನೂ ಕಸಿಯುವ ಮಟ್ಟಕ್ಕೆ ಬಂದರೆ ಕಥೆ ಸಾಲದು, ಬಲ್ಲವರ ನೆರವು ಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ ಇದೆ; ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ತ್ರಿವೇಣಿಯವರ ಕಾಲದ ಓದುಗಿತ್ತಿಯರಿಗೆ ಇಲ್ಲದಿದ್ದ ಈ ಅನುಕೂಲ ನಿಮಗಿದೆ. ಅದನ್ನು ಬಳಸಿಕೊಳ್ಳಿ, ಗೆಳೆಯರಿಗೂ ತಿಳಿಸಿ.